ಮೊದಲ ಹೆಬ್ಬೆಟ್ಟು

ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು ಎಂದು ನಮ್ಮತ್ತೆ ಭೀಮಮ್ಮ ಕಲಿಸಿದ್ದಳು. ಇವತ್ತು ನನಗೆ ಸಿಟ್ಟು ಬಂದಿದೆ, ಹೇಳಿಯೇ ಹೇಳುತ್ತೇನೆ. ಅಂಬರಾಯ. ಶಹಾಬಾದಿನಾಚೆಯ ಸಿಮೆಂಟ್ ಫ್ಯಾಕ್ಟರಿಯೊಂದರಲ್ಲಿ ಹನ್ನೊಂದು ವರ್ಷದಿಂದ ಗುತ್ತಿಗೆ ಕೂಲಿ, ಚೀಲ ತುಂಬುವ ಕೆಲಸ.

ಪಾಳಿ ಶುರುವಾಗುವುದು ಆರಕ್ಕೆ. ಈ ಮಹಾರಾಯ ಗೇಟಿನ ಮುಂದೆ ನಿಲ್ಲುವುದು ನಾಲ್ಕೂ ಮುಕ್ಕಾಲಿಗೆ. ಹಾಗಾಗಿ ನಾನು ಮೂರಕ್ಕೇ ಎದ್ದು ರೊಟ್ಟಿ ಬಡಿಯಬೇಕು. ನನ್ನ ರೊಟ್ಟಿಯ ಸಪ್ಪಳಕ್ಕೆ ಪಕ್ಕದ ಮನೆಯ ಇಮಾಮ್ಬೀ ಗೋಡೆಯಾಚೆಯಿಂದ ಬೈದದ್ದೂ ಉಂಟು.

"ಇಷ್ಟ್ ಲಗೂನ ಹೋಗಿ ಅಲ್ಲೇನ್ ಮಾಡ್ತೀರಿ? ಗೇಟಿನ ನಾಯಿ ಕಾಯ್ತೀರೇನು?" ಎಂದು ಎಷ್ಟು ಸಲ ಕೇಳಿದ್ದೇನೋ.

"ನಿನಗ ತಿಳಿಯಂಗಿಲ್ಲ ಜಯಾ, ಸುಮ್ಕಿರು. ಲಗೂ ಎದ್ದಂವಗ ಕೆಲಸದಾಗ ಬರ್ಕತ್ ಇರ್ತದ, ಏಳಿಗಿ ಇರ್ತದ. ಮಶಿನ್‌ನ್ಯಾಗ ದಿನದ ಮೊದಲ ಹೆಬ್ಬೆಟ್ಟು ನಂದೇ ಬೀಳಬೇಕು. ಸಾಹೇಬ್ರು ಒಂದಿಲ್ಲೊಂದ್ ದಿನ ನೋಡೇ ನೋಡ್ತಾರ."

ಹಾಜರಿಗಾಗಿ ಗೇಟಿನಲ್ಲಿ ಬೆರಳಿಡುವ ಆ ಮಶಿನ್ ಬಂದು ನಾಲ್ಕು ವರ್ಷ. ಜ್ವರವಿರಲಿ, ಮಳೆಯಿರಲಿ, ಇವರದೇ ಮೊದಲ ಬೆರಳು. ದಿನಾ ಎಲ್ಲರಿಗಿಂತ ಮೊದಲು ಬರುವವನು ಇವನೇ ಎಂದು ಗೇಟಿನ ಕಾವಲಿನವರು ಹೇಳಿದ್ದು ಕೇಳಿ, ಹೋದ ವರ್ಷ ಫ್ಯಾಕ್ಟರಿಯ ಸಮಾರಂಭದಲ್ಲಿ ಸಾಹೇಬರು ಇವರನ್ನು ಸ್ಟೇಜ್ ಹತ್ತಿಸಿ, ಬೇಗ ಏಳುವುದರ ಲಾಭದ ಬಗ್ಗೆ ನಾಲ್ಕು ಮಾತು ಆಡಿಸಿ, ಒಂದು ಗೋಡೆ ಗಡಿಯಾರ ಕೊಟ್ಟರು. ಅವತ್ತಿನಿಂದ ನಮ್ಮವರ ಕಾಲು ನೆಲಕ್ಕೆ ತಾಗಲಿಲ್ಲ. ಓಣಿಯಲ್ಲಿ ಕಂಡಕಂಡವರಿಗೆಲ್ಲ ಅದೇ ಭಾಷಣ. ಸುಳ್ಳು ಯಾಕೆ ಹೇಳಲಿ, ಸ್ಟೇಜಿನ ಮೇಲೆ ಅವರನ್ನು ನೋಡಿ ನನಗೂ ಕಣ್ಣು ತುಂಬಿ ಬಂದಿತ್ತು.

ಈ ವರ್ಷ ಹತ್ತು ಜನರನ್ನು ಪರ್ಮನೆಂಟ್ ಮಾಡುತ್ತೇವೆಂದು ಕಂಪನಿ ಹೇಳಿತು. ಮಶಿನ್‌ನ ನಾಲ್ಕು ವರ್ಷದ ಹಾಜರಿ ನೋಡುತ್ತಾರೆ, ವಯಸ್ಸು ನಲವತ್ತೈದರೊಳಗಿರಬೇಕು. ಇವರಿಗೆ ನಲವತ್ತೈದು ತುಂಬಲು ಒಂದು ತಿಂಗಳು ಬಾಕಿ. ಧೂಳು ಕುಡಿದು ಕುಡಿದು ಇವರ ಎದೆಯಲ್ಲಿ ಕೆಮ್ಮು ಮನೆ ಮಾಡಿದೆ. ಪರ್ಮನೆಂಟ್ ಆದರೆ ಚೀಲದ ಕೆಲಸ ಬಿಡಿಸಿ ಗೇಟಿನ ಕೆಲಸಕ್ಕೆ ಹಾಕುತ್ತಾರೆ, ದೊಡ್ಡ ದವಾಖಾನೆಗೆ ಕಳಿಸುತ್ತಾರೆ. ನನಗೆ ಬೇಕಾಗಿದ್ದು ಅಷ್ಟೇ, ಆ ಧೂಳಿನಿಂದ ಈ ಮನುಷ್ಯ ಹೊರಬರಬೇಕು.

ಸೋಮವಾರ ಪಟ್ಟಿ ಅಂಟಿಸಿದರು. ಇವರ ಹೆಸರಿಲ್ಲ.

ಮರುದಿನ ನಾನೇ ಗೋಡೆಯ ಗಡಿಯಾರ ಇಳಿಸಿ, ಸೆರಗಿನಲ್ಲಿ ಸುತ್ತಿಕೊಂಡು ಇವರ ಹಿಂದೆ ಆಫೀಸಿಗೆ ಹೋದೆ. ಹಾಜರಿ ನೋಡುವ ಕ್ಲರ್ಕ್ ಸಿರಾಜುದ್ದೀನ ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟು, ಕಂಪ್ಯೂಟರ್ ತೆರೆದು ನೋಡಿ ಹಣೆ ತಿಕ್ಕಿಕೊಂಡ.

"ಅಂಬರಾಯ, ನೀ ದಿನಾ ಮಧ್ಯಾಹ್ನ ಎರಡಕ್ಕ ಬಂದೀ ಅಂತ ತೋರಸ್ಲಿಕತ್ತದಲ್ಲೋ."

"ಎರಡಕ್ಕ ಪಾಳಿ ಮುಗಿಸಿ ಮನಿಗಿ ಹೋಗ್ತೀನ್ರಿ ನಾ!" ಎಂದರು ಇವರು.

ಸಿರಾಜುದ್ದೀನ ನನ್ನ ಕಡೆ ತಿರುಗಿ ಬಿಡಿಸಿ ಹೇಳಿದ. "ಈ ಮಶಿನ್‌ಗಿ ದಿನಾ ಶುರುವಾಗೋದೇ ಮುಂಜಾನಿ ಐದಕ್ಕ, ಅಕ್ಕಾ. ಅದರಕಿಂತ ಮದ್ಲ ಬೆರಳಿಟ್ಟರ ನಿನ್ನಿ ದಿನದ್ದು ಅಂತ ಹಿಡಿತದ. ರಾತ್ರಿ ದುಡದು ಹೊಂಟಾನ ಅಂತ ತಿಳ್ಕೊತದ. ಆಮ್ಯಾಗ ಎರಡಕ್ಕ ಮನಿಗಿ ಹೋಗೋವಾಗ ಇಟ್ಟ ಬೆರಳೇ ಇವತ್ತಿನ ಮೊದಲನೇದಾಗ್ತದ. ಎಂಟ್ ತಾಸು ಲೇಟ್. ನಾಕ್ ವರ್ಷ ದಿನಾ ಹಿಂಗೇ ಆಗ್ಯಾದ."

ಪಗಾರ ಕೊಡುವುದು ಗುತ್ತೇದಾರ, ಅವನ ಪುಸ್ತಕ ನೋಡಿ. ಮಶಿನ್ ಏನು ಬರೆದುಕೊಳ್ಳುತ್ತಿದೆ ಎಂದು ಇಷ್ಟು ದಿನ ಯಾರೂ ನೋಡಿರಲಿಲ್ಲ.

ಸಾಹೇಬರ ಕೋಣೆಗೆ ನುಗ್ಗಿ ಮೇಜಿನ ಮೇಲೆ ಗಡಿಯಾರ ಇಟ್ಟೆ. "ಇದು ನೀವೇ ಕೊಟ್ಟದ್ದು ಹೌದಲ್ರಿ? ಲಗೂ ಬರ್ತಾನ ಅಂತ ಕೊಟ್ಟದ್ದು ಹೌದಲ್ರಿ?"

ಅವರಿಗೆ ನೆನಪಿತ್ತು. ಪಾಪ, ಮುಖ ಸಣ್ಣಗೆ ಮಾಡಿಕೊಂಡರು. "ನನಗೆ ಗೊತ್ತಮ್ಮ. ಆದರೆ ಪಟ್ಟಿ ಮೇಲಿನ ಆಫೀಸಿಗೆ ಹೋಗಿಬಿಟ್ಟಿದೆ. ಅಲ್ಲಿ ಮಶಿನ್ ಹೇಳಿದ್ದೇ ನಡೆಯೋದು. ಮುಂದಿನ ಸಲ ನೋಡೋಣ."

"ಮುಂದಿನ ಸಲಕ್ಕ ಅವರಿಗಿ ವಯಸ್ಸು ಮೀರ್ತದ್ರಿ."

ಸಾಹೇಬರು ಇವರತ್ತ ನೋಡಿ, "ನಾಳೆಯಿಂದ ಐದು ದಾಟಿದ ಮೇಲೆ ಬಾರಪ್ಪ" ಎಂದರು. ಇವರು ಕೈಮುಗಿದರು. ಹಾಗೆ ಕೈಮುಗಿದದ್ದಕ್ಕೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ದಾರಿಯುದ್ದಕ್ಕೂ ಅವರು ಕೆಮ್ಮುತ್ತಾ ಸೈಕಲ್ ತಳ್ಳಿದರು.

ಮರುದಿನ ಮೂರಕ್ಕೆ ನನಗೆ ಎಚ್ಚರವಾಯಿತು. ಇವತ್ತು ಇಷ್ಟು ಬೇಗ ಒಲೆ ಹಚ್ಚುವುದಿಲ್ಲ ಎಂದು ಹಟ ಹಿಡಿದು ಮಲಗಿದ್ದೆ. ನೋಡಿದರೆ ಇವರು ಜಳಕ ಮಾಡಿ, ಅಂಗಿ ತೊಟ್ಟು, ಹೊಸ್ತಿಲ ಮೇಲೆ ಕುಳಿತಿದ್ದಾರೆ.

"ಇನ್ನಾ ಟೈಮ್ ಅದ. ಮಲಕೋರಿ" ಎಂದೆ.

"ನಿದ್ದಿ ಬರ್ವಲ್ದು ಜಯಾ. ಐದರತನ ನಾ ಏನ್ ಮಾಡ್ಲಿ?"

ಎದ್ದು ರೊಟ್ಟಿ ಬಡಿದೆ. ಅವತ್ತು ಎಲ್ಲರೂ ಬರುವ ಹೊತ್ತಿಗೆ ಹೋಗಿ ಸಾಲಿನಲ್ಲಿ ನಿಂತರಂತೆ, ಇವರಿಗಿಂತ ಮುಂದೆ ಮೂವತ್ತು ಜನ ಇದ್ದರಂತೆ. ಮಧ್ಯಾಹ್ನ ಮನೆಗೆ ಬಂದು, ತಲೆಯ ಮೇಲಿನ ಧೂಳನ್ನೂ ಕೊಡವದೆ, ನಗುತ್ತಾ ಹೇಳಿದರು.

"ಸಿರಾಜಣ್ಣ ತೆಗದು ತೋರಸ್ದ. ನಾಕ್ ವರ್ಷದಾಗ ಇವತ್ತೇ ನಾ ಮೊದಲ್ನೇ ಸಲ ಟೈಮಿಗಿ ಬಂದೀನಂತ."

ನನಗೆ ನಗು ಬರಲಿಲ್ಲ. ನಗುತ್ತಾ ನಗುತ್ತಾ ಅವರಿಗೆ ಕೆಮ್ಮು ಹತ್ತಿತು, ನಾನು ನೀರು ತರಲು ಎದ್ದೆ.