ಬೇಗ ಕರಗಿದ ಹಿಮ

ಶೆಲೆಗಾದಲ್ಲಿ ಎಷ್ಟು ಅಗೆದರೂ ಮಣ್ಣು ಸಿಗುವುದಿಲ್ಲ, ಮರದ ಹೊಟ್ಟು ಸಿಗುತ್ತದೆ. ಉತ್ತರ ರಷ್ಯದ ದ್ವಿನಾ ನದಿಯ ದಡದ ಈ ಜಾಗ ಹಿಂದೆ ಬರೀ ಜೌಗು. ದಕ್ಷಿಣದಿಂದ ಗಡೀಪಾರಾಗಿ ಬಂದವರನ್ನು ಇಲ್ಲಿ ಇಳಿಸಿ, ಮರ ಕೊಯ್ಯಿರಿ ಎಂದರು. ಅವರು ಕೊಯ್ದರು. ಹಲಗೆಗಳು ಹಡಗು ಹತ್ತಿ ಪರದೇಶಕ್ಕೆ ಹೋದವು. ಹೊಟ್ಟು, ತೊಗಟೆ, ಚಕ್ಕೆ ಇಲ್ಲೇ ಬಿದ್ದು ಜೌಗನ್ನು ತುಂಬಿ, ಅದರ ಮೇಲೊಂದು ಊರು ಎದ್ದಿತು. ಹಾಗಾಗಿ ಇಲ್ಲಿ ಬೀದಿಯೆಂದರೆ ಹಲಗೆಯ ಕಾಲುದಾರಿ, ಮನೆಗಳೆಲ್ಲ ಕುಡಿದವರಂತೆ ಒಂದೊಂದು ಕಡೆಗೆ ವಾಲಿವೆ. ಒಲೆಯ ಬೂದಿಯನ್ನು ಯಾರೂ ಅಂಗಳಕ್ಕೆ ಸುರಿಯುವುದಿಲ್ಲ, ಕಬ್ಬಿಣದ ಬಕೆಟ್ಟಿನಲ್ಲಿ ಹೊತ್ತು ನದಿಗೇ ಹಾಕುತ್ತಾರೆ. ಗರಗಸದ ಕಾರ್ಖಾನೆ ಮುಚ್ಚಿ ವರ್ಷಗಳಾದವು, ಈ ಪದ್ಧತಿ ಮಾತ್ರ ನಿಂತಿಲ್ಲ.

ಇಂಥ ಊರಿನಲ್ಲಿ, ಹೊಟ್ಟಿನ ಮೇಲೆ ಹೊರಗಿನ ಮಣ್ಣು ತಂದು ಹರಡಿದ ಪಾತಿಗಳಲ್ಲಿ, ಕಾಪಿತೊಲಿನಾಳ ಈರುಳ್ಳಿ ಎಲ್ಲರಿಗಿಂತ ಮೊದಲು ಹಸಿರಾಗುತ್ತಿತ್ತು. ಊರೆಲ್ಲ ಬೆಳ್ಳಗಿರುವಾಗಲೇ ಅವಳ ಹಿತ್ತಲ ಬಚ್ಚಲುಮನೆಯ ಹಿಂದೆ ಹಿಮ ಕರಗಿರುತ್ತಿತ್ತು. ಕಾರ್ಖಾನೆಯಲ್ಲಿ ಹಲಗೆ ವಿಂಗಡಿಸಿ ಸವೆದ ಕೈಗಳನ್ನು ಚಾಚಿ ತೋರಿಸಿ, ಎಲ್ಲ ಕೈಗುಣ ಎನ್ನುತ್ತಿದ್ದಳು. ಅದೇ ಕಾರ್ಖಾನೆಯಲ್ಲಿ ಅವಳ ಪಕ್ಕದಲ್ಲೇ ದುಡಿದ, ಈಗಲೂ ಪಕ್ಕದ ಮನೆಯಲ್ಲೇ ಇರುವ ರುಫಿನಾ ಬೇಲಿಯ ಆಚೆಯಿಂದ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದಳು. ಸೂರ್ಯನನ್ನೇ ಕದ್ದು ಹೂತಿಟ್ಟಿದ್ದೀಯೇನೇ ಎಂದು ಚುಚ್ಚುತ್ತಿದ್ದಳು. ಆ ಚುಚ್ಚುಮಾತಿನಲ್ಲೇ ಕಾಪಿತೊಲಿನಾಳಿಗೆ ಅರ್ಧ ಹಬ್ಬ.

ಈ ವಸಂತದಲ್ಲಿ ಹಿಮ ಕರಗಿದ ಜಾಗ ಹಿಗ್ಗಿ ಅವಳ ಮನೆಯ ಗೋಡೆಯವರೆಗೂ ಬಂದಿತು. ಸಂಶಯ ಬಂದು ಮಂಜುಗಡ್ಡೆ ಒಡೆಯುವ ಹಾರೆಯನ್ನು ನೆಲದೊಳಕ್ಕೆ ಆಳವಾಗಿ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಹೊರಗೆಳೆದಳು. ತುದಿ ಮುಟ್ಟಲಾಗದಷ್ಟು ಕಾದಿತ್ತು. ಕಾಪಿತೊಲಿನಾ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅವಳ ಬಾಲ್ಯದಲ್ಲಿ ಕೆಳಗಿನ ಬೀದಿ ಹೀಗೆಯೇ ನೆಲದೊಳಗಿನ ಹೊಟ್ಟಿಗೆ ಬೆಂಕಿ ಹತ್ತಿ ಉರಿದಿತ್ತು. ಮೇಯಲು ಹೋದ ಹಸುವೊಂದು ಹೊಟ್ಟೆಯವರೆಗೂ ಕೆಂಡದಲ್ಲಿ ಇಳಿದುಹೋಗಿತ್ತು. ಕಂದಕ ತೋಡಿ ನೀರು ಬಿಟ್ಟಮೇಲೆ ಬೆಂಕಿ ಸತ್ತಿತೆಂದು ಎಲ್ಲರೂ ನಂಬಿದ್ದರು. ಸತ್ತಿರಲಿಲ್ಲ. ಇಷ್ಟು ವರ್ಷ ತೆವಳಿಕೊಂಡು ಅವಳ ಹಿತ್ತಲಿಗೆ ಬಂದಿತ್ತು.

ಹೇಳಿದರೆ ಅಗ್ನಿಶಾಮಕದವರು ಬಂದು ಮೊದಲು ಮನೆ ಕೆಡವುತ್ತಾರೆ, ಆಮೇಲೆ ಅಗೆಯುತ್ತಾರೆ. ಅವಳಪ್ಪ ದಿಮ್ಮಿಯ ಮೇಲೆ ದಿಮ್ಮಿ ಇಟ್ಟು ಕಟ್ಟಿದ ಮನೆ ಅದು. ಬದಲಿಗೆ ನದಿಯಾಚೆಯ ಪಟ್ಟಣದಲ್ಲಿ, ಐದನೇ ಮಹಡಿಯಲ್ಲೊಂದು ಕೋಣೆ ಕೊಟ್ಟಾರು. ಅಲ್ಲಿ ಹಿತ್ತಲಿಲ್ಲ, ಬೇಲಿಯಿಲ್ಲ, ಬೇಲಿಯಾಚೆ ರುಫಿನಾ ಇಲ್ಲ. ಹೇಳದಿದ್ದರೆ? ಬೆಂಕಿ ಬೇಲಿ ನೋಡಿ ನಿಲ್ಲುವುದಿಲ್ಲ. ಒಂದು ವಾರ ಅವಳು ಮಡಿಲಲ್ಲಿ ಕೆಂಡ ಕಟ್ಟಿಕೊಂಡವಳಂತೆ ಓಡಾಡಿದಳು.

ಆಗ ರುಫಿನಾ ಮೀನಿನ ಕಡುಬು ಹಿಡಿದು ತಾನೇ ಬಂದಳು. ಬೇಸಿಗೆಗೆ ಮಗಳು ಎಳೆಗೂಸಿನೊಂದಿಗೆ ಬರುತ್ತಾಳೆ, ಸೌತೆಸಸಿ ಹಾಕಬೇಕು ಎಂದು ಸುತ್ತಿ ಬಳಸಿ ಹೇಳಿದಳು.

"ನಾಚ್ಕೆ ಬಿಟ್ಟು ಕೇಳ್ತೀನಿ ಕಾಪಾ. ನಿನ್ನ ಹಿತ್ತಲಿಂದ ಎರಡು ಬಕೆಟ್ ಮಣ್ಣು ಕೊಡೇ. ನಿನ್ನ ಕೈಗುಣ ನನಗೂ ಒಂಚೂರು ಅಂಟ್ಲಿ."

ಈ ಮಾತಿಗಾಗಿ ಕಾಪಿತೊಲಿನಾ ಎಷ್ಟು ಕಾದಿದ್ದಳು! ಈಗ ಕೇಳಿದರೆ ಬಾಯೆಲ್ಲ ಕಹಿಯಾಯಿತು. ರುಫಿನಾಳ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದು, ನೆಲಕ್ಕೆ ಚುಚ್ಚಿಟ್ಟಿದ್ದ ಹಾರೆಯನ್ನು ಹೊರಗೆಳೆದಳು.

"ಮುಟ್ಟಿ ನೋಡು. ಕೈಗುಣ ಅಲ್ಲ ಕಣೇ, ಕೆಳಗೆ ಬೆಂಕಿ ಇದೆ."

ರುಫಿನಾ ಮುಟ್ಟಿ ಕೈ ಹಿಂದೆಗೆದಳು. ತನ್ನ ಮನೆಯನ್ನು ನೋಡಿದಳು, ಆಮೇಲೆ ಕಾಪಿತೊಲಿನಾಳ ಮನೆಯನ್ನು.

"ಹೇಳಿದ್ರೆ ನಿನ್ನ ಮನೆ ಹೋಗುತ್ತಲ್ಲೇ."

"ಹೇಳ್ದಿದ್ರೆ ಕೂಸು ಮಲಗೋ ಮನೆ ಹೋಗುತ್ತೆ."

ಕಾಪಿತೊಲಿನಾ ತಲೆವಸ್ತ್ರ ಕಟ್ಟಿಕೊಂಡು ತಾನೇ ಹೋಗಿ ತಿಳಿಸಿದಳು.

ಮನೆ ಕೆಡವಿದಾಗ ನೆಲದ ತೊಲೆಗಳ ಅಡಿಭಾಗ ಆಗಲೇ ಇದ್ದಿಲಾಗಿತ್ತು. ಬೆಂಕಿಗೆ ಅಡ್ಡವಾಗಿ ತೋಡಿದ ಕಂದಕದಲ್ಲಿ ನೀರು ನಿಂತಿತು. ಪಟ್ಟಣದ ಕೋಣೆಗೆ ಹೊರಟವಳ ಗಂಟನ್ನು ರುಫಿನಾ ಕಿತ್ತು ತನ್ನ ಹಿಂದಿನ ಕೋಣೆಯಲ್ಲಿಟ್ಟಳು. ಜಗಳವಾಡೋಕೆ ದಿನಾ ನದಿ ದಾಟೋದು ನನ್ನ ಕೈಲಾಗಲ್ಲ ಎಂದಳು.

ಮರುವರ್ಷ ವಸಂತ ಬಂದರೂ ಹಿಮ ಕರಗಲಿಲ್ಲವೆಂದು ರುಫಿನಾ ದಿನವೂ ಗೊಣಗಿದಳು. ಕಾಪಿತೊಲಿನಾ ಪ್ರತಿ ಬೆಳಿಗ್ಗೆ ರುಫಿನಾಳ ಹಿತ್ತಲಿಗೆ ಹೋಗಿ ಹಿಮ ಬಗೆದು, ಬರಿಗೈಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತಿದ್ದಳು. ಈರುಳ್ಳಿ ಹಾಕಬಹುದೇನೇ ಎಂದು ರುಫಿನಾ ಕಿಟಕಿಯಿಂದ ಕೇಳಿದಳು.

"ಇಲ್ಲ, ನೆಲ ಇನ್ನೂ ಹೆಪ್ಪುಗಟ್ಟಿ ಕಲ್ಲಾಗಿದೆ," ಎಂದಳು ಕಾಪಿತೊಲಿನಾ. ಅವಳ ಕೈ ಚಳಿಗೆ ಮರಗಟ್ಟಿತ್ತು. ಊರಿಗೇ ಮೊದಲ ಈರುಳ್ಳಿ ಕಿತ್ತಾಗಲೂ ಅವಳಿಗೆ ಇಷ್ಟು ಸಂತೋಷವಾಗಿರಲಿಲ್ಲ.