ಪಕ್ಕದ ಹಾಸಿಗೆಯ ಗಿರಾಕಿ

ಭಾವನ ಗಂಟಲ ಮೇಲೆ ಕತ್ತಿ ಇಟ್ಟಿದ್ದಾಗಲೇ ಸಲೂನಿನವನ ಎದೆಯೊಳಗಿನ ಯಂತ್ರ ಕತ್ತೆ ಒದ್ದಂತೆ ಒದೆಯಿತು. ಶೇವ್ ಮಾಡುತ್ತಿದ್ದವನು ಕುರ್ಚಿ ಹಿಡಿದು ಕುಸಿದ. ತಲೆ ಎತ್ತಿ ನೋಡಿದರೆ ಭಾವನ ಗದ್ದದ ಕೆಳಗೆ ನೊರೆಯೆಲ್ಲ ಕೆಂಪು.

"ಬರೀ ಗೀರು ಕಣೋ," ಎಂದ ಭಾವ, ಟವೆಲ್ ಒತ್ತಿಕೊಂಡು. "ನಿಮ್ಮಕ್ಕನ್ನ ವಿಧವೆ ಮಾಡ್ಬೇಕಾದ್ರೆ ಇನ್ನೂ ಸ್ವಲ್ಪ ಒತ್ತಬೇಕಿತ್ತು."

ಅವನಿಗೆ ನಗು ಬರಲಿಲ್ಲ. ಹೃದಯದ ಸ್ನಾಯು ಸೋತು, ಬಡಿತ ಹಾದಿ ತಪ್ಪಿ ಓಡಿದರೆ ಶಾಕ್ ಕೊಟ್ಟು ತಡೆಯಲೆಂದು ಹಾಕಿಸಿದ್ದ ಯಂತ್ರ ಅದು. ಅಂದಿನಿಂದ ಅವನು ಕತ್ತಿ ಮುಟ್ಟಲಿಲ್ಲ. ಸಲೂನಿಗೆ ಹೋಗಿ ಕನ್ನಡಿ ಒರೆಸುತ್ತಿದ್ದ; ಗಿರಾಕಿ ಬಂದರೆ ಕೆಲಸದವನತ್ತ ಕೈ ತೋರಿಸುತ್ತಿದ್ದ. ಯಂತ್ರ ಮತ್ತೆ ಮತ್ತೆ ಒದ್ದಾಗ ಹೆಂಡತಿ ಅವನನ್ನು ಎಳೆದೊಯ್ದು ಡಾಕ್ಟರಮ್ಮನ ಮುಂದೆ ಕೂರಿಸಿದಳು.

"ನಿಮ್ಮ ಹೃದಯದಲ್ಲಿ ಕಲೆಗಟ್ಟಿದ ಜಾಗ ಇದೆ. ಹೃದಯ ಬಡಿಸೋ ಕರೆಂಟು ಅಲ್ಲೇ ಗಿರಗಿರ ಸುತ್ತುತ್ತೆ. ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ಬಿಟ್ಟು, ಆ ಜಾಗ ಹುಡುಕಿ ಸುಡ್ತೀವಿ. ಕಾಯಿಲೆ ಹೋಗಲ್ಲ. ಆದ್ರೆ ಈ ಓಟ ನಿಲ್ಲಬಹುದು."

"ಮತ್ತೆ ಕೆಲಸ ಮಾಡಬಹುದಾ?"

"ಆಸೆ ಇಟ್ಕೊಳ್ಳಿ."

ಆಸ್ಪತ್ರೆಯ ನೌಕರ ರೇಜರ್ ಹಿಡಿದು ತೊಡೆಯ ಬಳಿ ಬಂದಾಗ ಅವನು ಹೆಂಡತಿಯತ್ತ ತಿರುಗಿದ. "ಊರಿಗೆಲ್ಲ ಮಾಡಿದ್ದಾಯ್ತು, ಈಗ ನನ್ನ ಸರದಿ. ಅದೂ ಎಲ್ಲಿ ನೋಡು!" ಸೆರಗು ಬಾಯಿಗಿಟ್ಟುಕೊಂಡು ಅವಳು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದು.

ಆಪರೇಷನ್ ಕೋಣೆಯೊಳಗೆ ಚಳಿ. ಅರೆ ಮಂಪರು. "ಜಾಗ ಸಿಗಲಿ ಅಂತ ಈಗ ಆ ಬಡಿತಾನ ನಾವೇ ಬರಿಸ್ತೀವಿ, ಹೆದರ್ಬೇಡಿ," ಎಂದರು ಡಾಕ್ಟರಮ್ಮ. ಎದೆ ದಡದಡ ಓಡಿತು. ಹೆದರದೆ ಇರುವುದು ಹೇಗೆ? ಮೇಜಿನ ಅಂಚು ಬಿಗಿಹಿಡಿದ. ಎದೆಯಾಳದಲ್ಲಿ ಬಿಸಿ ಹರಡಿತು, ಆರಿತು, ಮತ್ತೆ ಹರಡಿತು. ಕೊನೆಗೆ ದೂರದಿಂದೆಂಬಂತೆ ಡಾಕ್ಟರಮ್ಮನ ದನಿ: "ಎಷ್ಟು ಕೆಣಕಿದರೂ ಈಗ ಆ ಓಟ ಏಳ್ತಿಲ್ಲ." ಅವನ ಕಣ್ಣಂಚಿನಿಂದ ನೀರು ಕಿವಿಗಿಳಿಯಿತು.

ಮರುದಿನ ಪಕ್ಕದ ಹಾಸಿಗೆಯ ಮುದುಕರು ಅವನ ಕಸುಬು ಕೇಳಿ ತಿಳಿದು, ಕುರುಚಲು ಗಡ್ಡ ಸವರಿಕೊಂಡರು. "ಹಾಗಾದ್ರೆ ನನಗೊಂದು ಶೇವ್ ಮಾಡಪ್ಪ. ಸಂಜೆ ಮಗಳು ಬರ್ತಾಳೆ. ಈ ಮುಖ ನೋಡಿದ್ರೆ ಅಳ್ತಾಳೆ."

"ಮಧ್ಯದಲ್ಲಿ ನನ್ನ ಯಂತ್ರ ಒದ್ದರೆ?"

"ನನ್ನೊಳಗೂ ಒಂದಿದೆ. ಎರಡೂ ಒಟ್ಟಿಗೇ ಒದೀಲಿ, ನೋಡೇಬಿಡೋಣ."

ಹೆಂಡತಿ ಬೇಡವೆನ್ನಲು ಬಾಯಿ ತೆರೆದವಳು, ಅವನ ಮುಖ ನೋಡಿ, ಬಿಸಿನೀರು ತರಲು ಎದ್ದಳು.

ಅವನು ಮುದುಕರ ಚೀಲದಲ್ಲಿದ್ದ ರೇಜರ್ ಪಕ್ಕಕ್ಕಿಟ್ಟುಕೊಂಡು, ಅವರ ಕೆನ್ನೆಗೆ ಸಾವಕಾಶವಾಗಿ ಸೋಪು ಹಚ್ಚಿದ. ಎರಡು ಬೆರಳಲ್ಲಿ ಗದ್ದ ಮೇಲೆತ್ತಿದ. ಮುದುಕರು ಕಣ್ಣು ಮುಚ್ಚಿಕೊಂಡರು. ಕಿಟಕಿಯ ಬೆಳಕು ಬೀಳುವಂತೆ ಆ ಮುಖವನ್ನು ತುಸು ತಿರುಗಿಸಿ, ಅವನು ಕಿವಿಯ ಬುಡದಿಂದ ಮೊದಲ ಗೆರೆ ಎಳೆದ.