ಎತ್ತಿ ಕೂರಿಸಬಾರದ ಕೊಂಬೆ

ಟೀಚರಮ್ಮನಿಗೆ ಬೆಳಿಗ್ಗೆ ಬೆಳಿಗ್ಗೆಯೇ ಪಿತ್ತ ನೆತ್ತಿಗೇರಿತ್ತು. ಶಿಶುವಿಹಾರದ ಅಂಗಳದಲ್ಲಿ ಮರ ಕೊಯ್ಯುವವನು ಗರಗಸ ಹಿಡಿದು ನಿಂತಿದ್ದ. ಮಕ್ಕಳು ಹತ್ತಿ ಕೂರುವ ಕೆಳಗಿನ ಕೊಂಬೆಯನ್ನು ಇವತ್ತೇ ಇಳಿಸಬೇಕಂತೆ. ಯಜಮಾನಿಯ ಅಪ್ಪಣೆ.

ಆ ಮರಕ್ಕೆ ಟೀಚರಮ್ಮ ಮಾಡಿದ್ದ ಕಟ್ಟಳೆ ಒಂದೇ: ಯಾರೂ ಯಾರನ್ನೂ ಎತ್ತಿ ಕೂರಿಸುವಂತಿಲ್ಲ. ತಾನೇ ಹತ್ತಿದ ಮಗುವಿಗೆ ಇಳಿಯುವ ದಾರಿಯೂ ಗೊತ್ತಿರುತ್ತದೆ. ಹತ್ತಲಾರದ್ದು ಬೇರಿನ ಮೇಲೆ ಕೂತು ಎಲೆ ಆರಿಸಲಿ, ಇರುವೆ ಸಾಲಿನ ಹಿಂದೆ ಹೋಗಲಿ, ಕಾಲು ಉದ್ದವಾಗುವವರೆಗೆ ಕಾಯಲಿ. ಇಷ್ಟು ವರ್ಷ ಒಂದು ಮಗುವೂ ಬಿದ್ದಿರಲಿಲ್ಲ.

ಹೋದ ವಾರ ಮಗಳನ್ನು ಮನೆಗೆ ಕರೆದೊಯ್ಯಲು ಬಂದ ಒಬ್ಬ ಅಪ್ಪ, ಫೋಟೋದ ಚಪಲಕ್ಕೆ ಬಿದ್ದು ಅವಳನ್ನು ಎತ್ತಿ ಕೊಂಬೆಯ ಮೇಲಿಟ್ಟ. ಫೋನು ಹಿಡಿದು ಹಿಂದೆ ಹಿಂದೆ ಸರಿದ. ಇಳಿಯಲು ಬಾರದ ಕೂಸು ಅಪ್ಪನ ಕಡೆಗೆ ಹಾರಿತು, ಕೈ ಮುರಿಯಿತು. ನಲ್ಲಿಯ ಹತ್ತಿರ ಇನ್ನೊಂದು ಮಗುವಿನ ಕೆಸರು ಕೈ ತೊಳೆಸುತ್ತಿದ್ದ ಟೀಚರಮ್ಮ ಕೂಗುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

ಈಗ ಅದೇ ಮಹಾಶಯ, ಕೈಗೆ ಬಿಳಿ ಕಟ್ಟು ಹಾಕಿದ್ದ ಮಗಳೊಂದಿಗೆ ಯಜಮಾನಿಯ ಪಕ್ಕ ನಿಂತಿದ್ದ.

"ಅವಳೇ ಹತ್ತಿದ್ದು. ನೋಡ್ಕೊಳ್ಳೋರು ಎಲ್ಲಿದ್ರು ಅಂತ ಕೇಳಿ."

"ಏನ್ರೀ, ಹಸಿ ಸುಳ್ಳು ಹೇಳ್ತೀರಲ್ಲ!" ಎಂದಳು ಟೀಚರಮ್ಮ.

ಯಜಮಾನಿ ಬಗ್ಗಿ ಕೇಳಿದಳು. "ಯಾರು ಹತ್ತಿಸಿದ್ದು, ಪುಟ್ಟಿ?"

ಪುಟ್ಟಿ ಅಪ್ಪನ ಮುಖ ನೋಡಿದಳು. ಅಪ್ಪ ಫೋನು ನೋಡಿದ.

"ನಾನೇ," ಎಂದಳು ಮೆಲ್ಲಗೆ.

ಟೀಚರಮ್ಮನ ಮೈಯೆಲ್ಲ ಉರಿದುಹೋಯಿತು. ಕೊಂಬೆಯ ಮಾತು ಹಾಳಾಗಲಿ, ನಾಲ್ಕು ವರ್ಷದ ಮಗುವಿನ ಬಾಯಲ್ಲಿ ಸುಳ್ಳು ಹೇಳಿಸಿದನಲ್ಲ!

"ನಾಚಿಕೆ ಆಗಲ್ವೇನ್ರೀ? ಕೈ ಮುರಿದಿದ್ದು ಸಾಲ್ದು ಅಂತ, ನಿಮ್ಮ ಮಾನ ಕಾಯೋ ಕೆಲಸಾನೂ ಅದಕ್ಕೇ ಹಚ್ಚಿದೀರಾ?"

ಅವನ ಮುಖ ಸಣ್ಣದಾಯಿತು. "ನಾನೇ ಕೂರ್ಸಿದ್ದು," ಎಂದು ಗೊಣಗಿದ.

ಗೆದ್ದೆ ಎಂದುಕೊಂಡಳು ಟೀಚರಮ್ಮ. ಎಲ್ಲಿಯ ಗೆಲುವು!

"ಯಾರು ಕೂರ್ಸಿದ್ರೇನು, ಬಿದ್ದಿದ್ದು ಕೊಂಬೆಯಿಂದ ತಾನೇ?" ಎಂದಳು ಯಜಮಾನಿ. "ನಾಳೆ ಇನ್ನೊಬ್ರು ಬಂದು ನನ್ನ ತಲೆ ತಿಂತಾರೆ. ನೀನು ಕೊಯ್ಯಪ್ಪಾ."

ಟೀಚರಮ್ಮ ಚಪ್ಪಲಿ ಕಿತ್ತೆಸೆದಳು. ಇಷ್ಟು ವರ್ಷ ಮರದ ಕೆಳಗೆ ನಿಂತು ಕಾದವಳು, ಒಮ್ಮೆಯೂ ಹತ್ತಿದವಳಲ್ಲ. ಮೊದಲ ಹೆಜ್ಜೆಗೇ ಕಾಲು ಜಾರಿ ಮೊಣಕಾಲು ತರಚಿತು. ಮರಳಿನಲ್ಲಿ ಗುಡ್ಡ ಕಟ್ಟುತ್ತಿದ್ದ ಮಕ್ಕಳೆಲ್ಲ ಎದ್ದು ಓಡಿ ಬಂದವು.

"ಅಲ್ಲಲ್ಲ ಟೀಚರ್, ಆ ಗಂಟಿನ ಮೇಲೆ ಕಾಲಿಡಿ!"

"ತೊಗಟೆ ಹಿಡೀಬೇಡಿ, ಕಿತ್ಕೊಂಡು ಬರತ್ತೆ!"

ಪುಟ್ಟಿಯ ಅಪ್ಪ ಆಸರೆ ಕೊಡಲು ಕೈ ಚಾಚಿದ.

"ಮುಟ್ಟಿದ್ರೆ ಜೋಕೆ!"

ಏದುಸಿರು ಬಿಡುತ್ತ, ಮಕ್ಕಳು ಹೇಳಿದಲ್ಲೆಲ್ಲ ಕಾಲಿಡುತ್ತ, ಕೊನೆಗೂ ಹೋಗಿ ಕೂತಳು. ಎಲೆಗಳ ನಡುವೆ ಗಾಳಿ ತಂಪಾಗಿ ಬೀಸುತ್ತಿತ್ತು. ಸಿಟ್ಟೇನೂ ಇಳಿಯಲಿಲ್ಲ. ಅವಳ ಹಿಂದೆಯೇ ಹತ್ತಬಲ್ಲ ಮಕ್ಕಳು ಒಂದೊಂದಾಗಿ ಹತ್ತಿ ಪಕ್ಕದಲ್ಲಿ ಕೂತವು.

"ಈಗ ಕೊಯ್ಸಿ!"

ಮರ ಕೊಯ್ಯುವವನು ಗರಗಸವನ್ನು ಚೀಲಕ್ಕೆ ತುರುಕಿದ. "ನನ್ನ ಕೈಲಾಗಲ್ಲಮ್ಮ," ಎಂದ.

"ಕೆಲಸದಿಂದ ತೆಗೆದುಹಾಕ್ತೀನಿ," ಎಂದು ಯಜಮಾನಿ ಕೂಗಾಡಿದಳು.

"ತೆಗೀರಿ. ಮೊದ್ಲು ಇಲ್ಲಿಂದ ಇಳ್ಸಿ, ನೋಡೋಣ."

ಕೆಳಗಿನಿಂದ ಪುಟ್ಟಿ ಕೂಗಿದಳು. "ಟೀಚರ್, ನಾನು?"

"ಕೈ ವಾಸಿ ಆಗ್ಲಿ ಕಂದಾ, ಆಮೇಲೆ ಹತ್ತುವಿಯಂತೆ."

"ಅಲ್ಲಿವರೆಗೂ ಕೊಂಬೆ ಇರತ್ತಾ?"

"ನನ್ನನ್ಯಾಕೆ ಕೇಳ್ತೀಯ? ಅವರನ್ನ ಕೇಳು."

ಪುಟ್ಟಿ ಯಜಮಾನಿಯ ಕಡೆ ತಿರುಗಿ ಅದನ್ನೇ ಕೇಳಿದಳು. ಕಟ್ಟು ಹಾಕದ ಕೈಯಿಂದ ಅವಳ ಬಟ್ಟೆ ಜಗ್ಗಿ ಮತ್ತೆ ಕೇಳಿದಳು.

ಯಜಮಾನಿ ಹಲ್ಲು ಕಡಿದಳು. "ಇರತ್ತೆ ಕಣೆ," ಎಂದಳು.